ಕೋರ್ಟು ಇಟ್ಟುಕೊಂಡ ರಿಸಲ್ಟು

2024ರ ಮಾರ್ಚ್ 12, ಮಂಗಳವಾರ. ರಾತ್ರಿ ಊಟಕ್ಕೆ ಕೂತಾಗ ಶಿವಮೊಗ್ಗದಿಂದ ಅಕ್ಕನ ಫೋನು. ಹಲೋ ಇಲ್ಲ, ಊಟ ಆಯ್ತಾ ಇಲ್ಲ. "ನಾಳೆ ಇವನಿಗೆ ಪರೀಕ್ಷೆ ಇದೆಯೋ ಇಲ್ವೋ, ಅದೊಂದು ಹೇಳು ಮಾರಾಯ" ಅಂದಳು. ಇವನು ಅಂದ್ರೆ ನನ್ನ ಅಳಿಯ, ಅವಳ ದೊಡ್ಡ ಮಗ. ಆಗ ಐದನೇ ಕ್ಲಾಸು, ಸ್ಟೇಟ್ ಸಿಲಬಸ್ಸು. ಬೆಂಗಳೂರಲ್ಲಿ ಕೂತು ಲ್ಯಾಪ್‌ಟಾಪ್ ಕುಟ್ಟೋನಿಗೆ ಸುಪ್ರೀಂ ಕೋರ್ಟಿನ ಸಮಾಚಾರವೂ ಗೊತ್ತಿರತ್ತೆ ಅಂತ ನಮ್ಮ ಮನೆಯವರ ನಂಬಿಕೆ. ಭಾವ ಹಿಂದಿನಿಂದ ಹೇಳ್ತಿದ್ರು, ವಿನೋಬನಗರದ ಟ್ಯೂಷನ್ ಮೇಡಂ ಇದೆ ಅಂದ್ರಂತೆ, ಪಕ್ಕದ ಮನೆಯವರು ಇಲ್ಲ ಅಂದ್ರಂತೆ, ವಾಟ್ಸಾಪ್ ಗ್ರೂಪಲ್ಲಿ ಎರಡೂ ಬಂದಿದೆಯಂತೆ.

ನಾನು ಸುದ್ದಿ ತೆರೆದು ಓದಿದೆ. ಓದಿದ ಮೇಲೆ ಅಕ್ಕನಿಗೆ ಹೇಳೋಕೆ ಹತ್ತು ನಿಮಿಷ ಹಿಡೀತು, ಯಾಕಂದ್ರೆ ವಿಷಯ ಅಷ್ಟು ಸಲ ಹಿಂದೆ ಮುಂದೆ ಹೋಗಿತ್ತು. 5, 8, 9 ಮತ್ತು 11ನೇ ತರಗತಿಗೆ ರಾಜ್ಯಮಟ್ಟದ ಒಂದೇ ಪರೀಕ್ಷೆ ಮಾಡ್ತೀವಿ ಅಂತ ಸರ್ಕಾರ 2023ರ ಅಕ್ಟೋಬರ್ 6ಕ್ಕೆ ಅಧಿಸೂಚನೆ ಹೊರಡಿಸಿತ್ತು. ಖಾಸಗಿ ಶಾಲೆಗಳ ಸಂಘಟನೆಗಳು ಹೈಕೋರ್ಟಿಗೆ ಹೋದವು. 2024ರ ಮಾರ್ಚ್ 6ಕ್ಕೆ ಏಕಸದಸ್ಯ ಪೀಠ ಅದನ್ನ ರದ್ದು ಮಾಡ್ತು. ಮರುದಿನವೇ ವಿಭಾಗೀಯ ಪೀಠ ಆ ರದ್ದತಿಗೆ ತಡೆ ಕೊಡ್ತು. 11ಕ್ಕೆ ಪರೀಕ್ಷೆ ಶುರು. 12ಕ್ಕೆ ಸುಪ್ರೀಂ ಕೋರ್ಟು ವಿಭಾಗೀಯ ಪೀಠದ ತಡೆಯನ್ನ ತೆಗೆದುಹಾಕ್ತು. ಅಷ್ಟು ಹೊತ್ತಿಗೆ ಹುಡುಗ ಎರಡು ದಿನ ಹೋಗಿ ಬರೆದು ಬಂದಾಗಿದೆ.

"ಅಂದ್ರೆ ನಾಳೆ ಇಲ್ಲ" ಅಂದೆ.

"ಓದಿದ್ದು?"

"ಓದಿದ್ದು ಎಲ್ಲೂ ಹೋಗಲ್ಲ ಕಣೇ."

"ನಿಂಗೇನು, ಹೇಳ್ತೀಯ" ಅಂತ ಫೋನ್ ಇಟ್ಟಳು.

ಆಮೇಲೆ ಮಾರ್ಚ್ 22ಕ್ಕೆ ವಿಭಾಗೀಯ ಪೀಠ ಸರ್ಕಾರದ ಪರವಾಗಿ ತೀರ್ಪು ಕೊಟ್ಟು, ಉಳಿದ ಪತ್ರಿಕೆಗಳು 25ರಿಂದ ನಡೆದವು. ಏಪ್ರಿಲ್ 8ಕ್ಕೆ ಮತ್ತೆ ಸುಪ್ರೀಂ ಕೋರ್ಟು. ಫಲಿತಾಂಶ ಪ್ರಕಟಿಸಬಾರದು, ಪ್ರಕಟಿಸಿದ್ದರೆ ಅದನ್ನ ತಡೆಹಿಡಿಯಬೇಕು, ಯಾವುದಕ್ಕೂ ಪರಿಗಣಿಸಬಾರದು, ಪೋಷಕರಿಗೂ ತಿಳಿಸಬಾರದು ಅಂತ ಆದೇಶ. ಮರುದಿನ ಯುಗಾದಿ. ನಾನು ಭದ್ರಾವತಿಯ ಮನೆಯಲ್ಲಿದ್ದೆ. ಅಕ್ಕ, ಭಾವ, ಮಕ್ಕಳು ಶಿವಮೊಗ್ಗದಿಂದ ಬಂದಿದ್ರು. ಎಣ್ಣೆ ನೀರು ಹಾಕ್ಕೊಂಡು, ಬೇವು ಬೆಲ್ಲ ಬಾಯಲ್ಲಿಟ್ಟುಕೊಂಡು ಆ ಹುಡುಗ ನನ್ನ ಪಕ್ಕ ಬಂದು ಕೂತು ಮೆಲ್ಲಗೆ ಕೇಳಿದ, "ಮಾಮ, ನಂದು ಫೇಲಾ? ಕೋರ್ಟ್‌ನವರು ಯಾಕೆ ನನ್ ರಿಸಲ್ಟ್ ಇಟ್ಕೊಂಡಿದಾರೆ?"

ಹತ್ತು ವರ್ಷದ ಹುಡುಗ. ಅವನಿಗೆ ಗೊತ್ತಿರೋ ಪ್ರಪಂಚದಲ್ಲಿ ಕೋರ್ಟು ಒಬ್ಬನ ಬಗ್ಗೆ ತೀರ್ಮಾನ ಮಾಡತ್ತೆ ಅಂದ್ರೆ ಅವನು ಏನೋ ತಪ್ಪು ಮಾಡಿರಬೇಕು. ಮೂರು ವಾರದಿಂದ ಅವನು ಇದನ್ನೇ ಹೊಟ್ಟೇಲಿಟ್ಕೊಂಡಿದ್ದ ಅಂತ ಆಮೇಲೆ ಗೊತ್ತಾಯ್ತು. ಅಕ್ಕ ಅವನನ್ನ ಸಿಬಿಎಸ್‌ಇಗೆ ಹಾಕೋಣ ಅಂತ ಅಷ್ಟರಲ್ಲಿ ಎರಡು ಶಾಲೆ ನೋಡ್ಕೊಂಡು ಬಂದಾಗಿತ್ತು. ಒಂದೂವರೆ ಲಕ್ಷದ ಮಾತು.

ಆ ಪ್ರಶ್ನೆಗೆ ನನ್ನ ಹತ್ರ ನೆಟ್ಟಗೆ ಉತ್ತರ ಇರಲಿಲ್ಲ. ಅಮ್ಮನ ಹತ್ರ ಇತ್ತು, ಆದರೆ ಅಮ್ಮ ಒಂದು ಪ್ರಶ್ನೆಗೆ ನೂರು ವರ್ಷದ ಹಿಂದಿನಿಂದ ಉತ್ತರ ಶುರು ಮಾಡೋ ಪೈಕಿ. ಭದ್ರಾವತಿಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತು ವರ್ಷದ ಮೇಲೆ ಮೇಷ್ಟ್ರಾಗಿದ್ದವಳು. (ನಮ್ಮ ಕಡೆ ಹೆಂಗಸಾದ್ರೂ ಮೇಷ್ಟ್ರೇ.) ಅವತ್ತು ಅಮ್ಮ ಹೇಳಿದ್ದು, ಆಮೇಲೆ ನಾನು ಹುಡುಕಿ ಓದಿದ್ದು ಎರಡನ್ನೂ ಸೇರಿಸಿ ಇಲ್ಲಿ ಬರೀತಿದೀನಿ. ನಿಮ್ಮಲ್ಲೂ ಎಷ್ಟೋ ಜನಕ್ಕೆ ಈಗ ಒಂದನೇ ಕ್ಲಾಸು, ಮೂರನೇ ಕ್ಲಾಸಿನ ಮಕ್ಕಳಿದ್ದಾರೆ, ಮೊಬೈಲಿಗೆ ಎಫ್‌ಎ, ಎಸ್‌ಎ ಅಂತೆಲ್ಲ ಮೆಸೇಜು ಬರ್ತಿರತ್ತೆ.

ಸಣ್ಣ ಮಕ್ಕಳ ಪರೀಕ್ಷೆ ಅನ್ನೋದು ಬ್ರಿಟಿಷರು ತಂದಿದ್ದು ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಅರ್ಧ ಸತ್ಯ ಅದು. ಅದಕ್ಕಿಂತ ಮುಂಚೆ ಕೂಲಿ ಮಠ ಇತ್ತು. ಐಗಳು ಮರಳ ಮೇಲೆ ಅಕ್ಷರ ತಿದ್ದಿಸ್ತಿದ್ರು, ಮಗ್ಗಿ ಬಾಯಿಪಾಠ, ಅಮರಕೋಶ ಬಾಯಿಪಾಠ. ಸಂಬಳ ಅಂದ್ರೆ ಊರವರು ಕೊಡೋ ಅಕ್ಕಿ, ರಾಗಿ, ಒಂದಿಷ್ಟು ಕಾಸು. ಮಹಾನವಮಿ ಬಂದ್ರೆ ಐಗಳು ಹುಡುಗರನ್ನ ಕಟ್ಟಿಕೊಂಡು ಮನೆ ಮನೆಗೆ ಹೋಗೋರು. ಹುಡುಗರು ಬಾಗಿಲಲ್ಲಿ ನಿಂತು ಚೌಪದ ಹೇಳೋರು, ಮನೆಯವರು ಕೇಳಿ ಕೈಲಾದ್ದು ಕೊಡೋರು. ಹಬ್ಬದ ಆಚರಣೆ ಅಂತ ಮಾತ್ರ ನೋಡಿದ್ರೆ ಇದರ ಒಂದು ಮುಖ ತಪ್ಪಿಹೋಗತ್ತೆ. ಊರಿನ ಎಲ್ಲರೆದುರು ಮಗು ಏನು ಕಲಿತಿದೆ ಅಂತ ತೋರಿಸ್ತಿತ್ತು. ತಪ್ಪಿದ್ರೆ ಅಜ್ಜಿಗೂ ಗೊತ್ತಾಗ್ತಿತ್ತು. ಐಗಳ ವರ್ಷದ ಲೆಕ್ಕವೂ ಅಲ್ಲೇ ಚುಕ್ತಾ ಆಗ್ತಿತ್ತು. ಇದನ್ನ ನಾನು ಹೊಗಳ್ತಿಲ್ಲ. ಆ ಸಾಲಿನಲ್ಲಿ ಯಾವ ಜಾತಿಯ ಮಕ್ಕಳಿಗೆ ಜಾಗ ಇರಲಿಲ್ಲ, ಹೆಣ್ಣುಮಕ್ಕಳು ಎಲ್ಲಿದ್ರು ಅನ್ನೋದು ನಮಗೆ ಗೊತ್ತೇ ಇದೆ. ಆದರೆ ಒಳಗಿದ್ದವರ ಮಟ್ಟಿಗೆ, ಪರೀಕ್ಷೆ ಅನ್ನೋದು ಅಪ್ಪ ಅಮ್ಮನಿಗೆ ಅರ್ಥವಾಗೋ ಭಾಷೇಲಿತ್ತು. ಮಗು ಹೇಳಿತು, ನೀವು ಕೇಳಿದಿರಿ.

ಇದು ಬದಲಾಗಿದ್ದು ಇನ್ಸ್‌ಪೆಕ್ಟರ್ ಬಂದಾಗ. ಮೈಸೂರು ಸೀಮೆಯಲ್ಲಿ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಶುರುವಾಯ್ತು. ಹೋಬಳಿಗೊಂದು ಸರ್ಕಾರಿ ಕನ್ನಡ ಶಾಲೆ. ಅದರ ಹಿಂದಿದ್ದವರು ಬಿ.ಎಲ್. ರೈಸ್, ನಾವೆಲ್ಲ ಶಾಸನಗಳಿಂದ ಬಲ್ಲ ಅದೇ ರೈಸ್. ಶಾಲೆ ತಪಾಸಣೆಗೆ ಊರೂರು ತಿರುಗುವಾಗಲೇ ಅವರಿಗೆ ದಾರಿಯುದ್ದಕ್ಕೂ ಕಲ್ಲುಬರಹಗಳು ಕಾಣಿಸಿದ್ದು. ಶಿವಮೊಗ್ಗ ಜಿಲ್ಲೆಯ ಶಾಸನಗಳೇ ಎಪಿಗ್ರಾಫಿಯಾ ಕರ್ನಾಟಿಕಾದ ಎರಡು ಸಂಪುಟ ತುಂಬಿದವು, ಏಳು ಮತ್ತು ಎಂಟು. ನಮ್ಮ ಜಿಲ್ಲೆಯ ಚರಿತ್ರೆಗೆ ಶಾಲಾ ಇನ್ಸ್‌ಪೆಕ್ಷನ್ನಿನ ಉಪಕಾರ ಇಷ್ಟು. ಮಕ್ಕಳಿಗೆ ಅದರಿಂದ ಎಷ್ಟು ಉಪಕಾರ ಆಯ್ತು ಅನ್ನೋದು ಬೇರೆ ಮಾತು.

ಯಾಕಂದ್ರೆ ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಒಂದು ಹೊಸ ಪದ್ಧತಿ ಬಂದಿತ್ತು. 1862ರಲ್ಲಿ ರಾಬರ್ಟ್ ಲೋ ಅನ್ನೋ ರಾಜಕಾರಣಿ ತಂದದ್ದು. ಇನ್ಸ್‌ಪೆಕ್ಟರ್ ವರ್ಷಕ್ಕೊಮ್ಮೆ ಬಂದು ಒಂದೊಂದೇ ಮಗುವಿಗೆ ಓದು, ಬರಹ, ಲೆಕ್ಕದಲ್ಲಿ ಪರೀಕ್ಷೆ ಮಾಡಬೇಕು, ಎಷ್ಟು ಮಕ್ಕಳು ಪಾಸೋ ಆ ಲೆಕ್ಕದಲ್ಲಿ ಶಾಲೆಗೆ ಅನುದಾನ. ನಮ್ಮ ಆಫೀಸುಗಳ ಅಪ್ರೈಸಲ್ ಇದ್ದ ಹಾಗೆ, ಆದರೆ ಅಪ್ರೈಸಲ್ ಮೇಷ್ಟ್ರದ್ದು, ಬೆವರೋದು ಏಳು ವರ್ಷದ ಮಗು. ಜ್ವರ ಬಂದ ಮಕ್ಕಳನ್ನೂ ಅವತ್ತು ಕರ್ಕೊಂಡು ಬರೋದು, ಇಡೀ ವರ್ಷ ಒಂದೇ ರೀಡರನ್ನ ಉರು ಹೊಡೆಸೋದು, ಪುಸ್ತಕ ತಲೆಕೆಳಗೆ ಹಿಡಿದ್ರೂ ಗಡಗಡ ಓದೋ ಮಕ್ಕಳು, ಈ ಕಥೆಗಳೆಲ್ಲ ಆ ಕಾಲದವು. ಸ್ವತಃ ಶಾಲಾ ಇನ್ಸ್‌ಪೆಕ್ಟರ್ ಆಗಿದ್ದ ಕವಿ ಮ್ಯಾಥ್ಯೂ ಅರ್ನಾಲ್ಡ್ ಇದನ್ನ ಬಲವಾಗಿ ವಿರೋಧಿಸಿದ. ಆದರೂ ಪದ್ಧತಿ ಹಡಗು ಹತ್ತಿ ಮದ್ರಾಸು, ಬೊಂಬಾಯಿ ಪ್ರಾಂತಗಳಿಗೂ ಬಂತು, ಅಂದ್ರೆ ನಮ್ಮ ದಕ್ಷಿಣ ಕನ್ನಡ, ಧಾರವಾಡಗಳು ಸೇರಿದ್ದ ಆಡಳಿತಗಳಿಗೆ. 1882ರ ಹಂಟರ್ ಆಯೋಗ ಪ್ರಾಥಮಿಕ ಶಾಲೆಗಳಿಗೆ ಇದೇ ಸರಿ ಅಂತ ಶಿಫಾರಸು ಮಾಡ್ತು. ಕೊನೆಗೆ 1904ರಲ್ಲಿ ಕರ್ಜನ್ ಸರ್ಕಾರದ ಶಿಕ್ಷಣ ನಿರ್ಣಯ ಬಂದು, ಪರೀಕ್ಷೆಗಳ ಹೊರೆ ಜಾಸ್ತಿಯಾಗಿದೆ, ಫಲಿತಾಂಶ ನೋಡಿ ದುಡ್ಡು ಕೊಡೋ ಪದ್ಧತಿ ಕೈಬಿಡಬೇಕು ಅಂತ ಹೇಳ್ತು. ಕರ್ಜನ್ ಬಗ್ಗೆ ಒಳ್ಳೇ ಮಾತಾಡೋ ಸಂದರ್ಭ ನಮಗೆ ಕಮ್ಮಿ, ಇದೊಂದನ್ನ ಬರೆದಿಟ್ಟುಕೊಳ್ಳಬಹುದು.

ಪದ್ಧತಿ ಹೋಯ್ತು, ಮಾತು ಉಳೀತು. ಪಾಸು, ಫೇಲು, ನಪಾಸು. ಈ "ನಪಾಸು" ಅನ್ನೋ ಪದ ನೋಡಿ, ಇಂಗ್ಲಿಷಿನ ಪಾಸಿಗೆ ಪಾರಸಿಯ "ನಾ" ಅಂಟಿಸಿ ಮಾಡಿದ್ದು. ಮಗುವನ್ನ ಬೇಡ ಅನ್ನೋಕೆ ನಾವು ಎರಡು ಭಾಷೆಯಿಂದ ಸಾಲ ತಂದಿದೀವಿ.

ನಮ್ಮ ಅಜ್ಜ ಭದ್ರಾವತಿಗೆ ಬಂದಿದ್ದು ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ. ಅವರು ಓದಿದ್ದು 1930ರ ದಶಕದಲ್ಲಿ, ಹಳ್ಳಿ ಶಾಲೇಲಿ. ಅವರಿಗೆ ಪಾಠ ಒಂದೂ ನೆನಪಿರಲಿಲ್ಲ, ಇನ್ಸ್‌ಪೆಕ್ಟರ್ ಬಂದ ದಿನ ಮಾತ್ರ ನೆನಪಿತ್ತು. ಹಿಂದಿನ ದಿನ ಸಗಣಿ ಸಾರಿಸಿದ್ದು, ಮೇಷ್ಟ್ರು ಹೊಸ ರುಮಾಲು ಸುತ್ತಿಕೊಂಡಿದ್ದು, ದಡ್ಡ ಹುಡುಗರನ್ನ ದನ ಕಾಯೋಕೆ ಕಳಿಸಿದ್ದು. ಅವರೂ ದನದ ಜೊತೆಗೇ ಇದ್ರು ಅಂತ ಅಜ್ಜಿ ನಗೋಳು.

ಭದ್ರಾವತಿಯ ಮಟ್ಟಿಗೆ ಇನ್ನೊಂದು ನಂಟಿದೆ. ವಿಶ್ವೇಶ್ವರಯ್ಯ ಅಂದ್ರೆ ನಮಗೆ ಕಾರ್ಖಾನೆ. ಬೆಂಕಿಪುರ ಅಂತಿದ್ದ ಊರಲ್ಲಿ 1918ರಲ್ಲಿ ಅಡಿಪಾಯ, 1923ಕ್ಕೆ ಕಬ್ಬಿಣ. ಆದರೆ ಅದಕ್ಕೂ ಮುಂಚೆ, 1913ರಲ್ಲಿ, ಅವರು ದಿವಾನರಾಗಿದ್ದಾಗಲೇ ಮೈಸೂರು ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣದ ಕಾಯ್ದೆ ಬಂದು, ಆಯ್ದ ಊರುಗಳಲ್ಲಿ ಮಕ್ಕಳನ್ನ ಶಾಲೆಗೆ ಕಳಿಸೋದು ಕಡ್ಡಾಯ ಆಯ್ತು. ಎಲ್ಲಾ ಮಕ್ಕಳೂ ಬರಬೇಕು ಅಂತ ಒಂದು ಕಡೆ ಕಾನೂನು, ಕೆಲವರೇ ಮುಂದೆ ಹೋಗಬೇಕು ಅಂತ ಇನ್ನೊಂದು ಕಡೆ ಪರೀಕ್ಷೆ. ನಮ್ಮ ಇವತ್ತಿನ ಜಗಳ ಪೂರ್ತಿ ಆ ಎರಡರ ಮಧ್ಯದಲ್ಲೇ ಇದೆ ಅಂತ ನನಗನ್ನಿಸತ್ತೆ.

ಅಪ್ಪನ ಕಾಲಕ್ಕೆ ಅದು ಏಳನೇ ಕ್ಲಾಸ್ ಪಬ್ಲಿಕ್ ಪರೀಕ್ಷೆ. ಬೇರೆ ಶಾಲೇಲಿ ಸೆಂಟರು, ರಿಜಿಸ್ಟರ್ ನಂಬರು, ಊರ ದೇವರಿಗೆ ಕಾಯಿ. ಇದರ ಬಗ್ಗೆ ಇವತ್ತು ಬಹಳ ಜನ ಹಂಬಲಿಸಿ ಮಾತಾಡ್ತಾರೆ. "ನಮ್ ಕಾಲದ ಏಳನೇ ಕ್ಲಾಸು ಈಗಿನ ಡಿಗ್ರಿಗೆ ಸಮ" ಅನ್ನೋದನ್ನ ನ್ಯೂಟೌನಿನ ಯಾವ ಕಟ್ಟೆ ಮೇಲೆ ಕೂತರೂ ಕೇಳಬಹುದು. ಅವರ ಮಾತಲ್ಲಿ ಹುರುಳಿಲ್ಲ ಅಂತಲ್ಲ. ಏಳನೇ ಪಾಸು ಅನ್ನೋ ಕಾಗದಕ್ಕೆ ಬೆಲೆ ಇತ್ತು, ಅಟೆಂಡರ್ ಕೆಲಸಕ್ಕೆ ಅಷ್ಟು ಸಾಕಾಗ್ತಿತ್ತು. ಆದರೆ ಕಟ್ಟೆ ಮೇಲೆ ಕೂತು ಮಾತಾಡೋರು ಪಾಸಾದವರು. ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಗಣಿತದಲ್ಲಿ ಹೋದ. ಎರಡನೇ ಸಲ ಕಟ್ಟಲಿಲ್ಲ. ಹನ್ನೆರಡು ವರ್ಷಕ್ಕೆ ಬಿ.ಎಚ್. ರೋಡಿನ ಗ್ಯಾರೇಜು ಸೇರಿಕೊಂಡ. ಮೆಕ್ಯಾನಿಕ್ ಆಗಿ ಚೆನ್ನಾಗೇ ಬದುಕಿದ, ಗೇರ್ ಅನುಪಾತ ಬಾಯಲ್ಲೇ ಲೆಕ್ಕ ಹಾಕೋನು. ಆದರೆ ಬ್ಯಾಂಕಿನ ಚಲನ್ ಯಾವತ್ತೂ ತಾನು ತುಂಬಲಿಲ್ಲ, ಯಾರಾದ್ರೂ ನೋಡ್ತಾರೆ ಅಂತ.

ಆ ಪಬ್ಲಿಕ್ ಪರೀಕ್ಷೆ ನಿಂತ ಮೇಲೂ ಅದರ ಆಸೆ ನಿಂತಿಲ್ಲ. 2019-20ರಲ್ಲಿ ಏಳನೇ ತರಗತಿಗೆ ಅದನ್ನ ಮತ್ತೆ ತರೋ ಮಾತು ಬಂದಿತ್ತು, ಕೊನೆಗೆ ಕೋವಿಡ್ ಬಂದು ಶಾಲೆಯೇ ಮುಚ್ಚಿತು.

ಅಮ್ಮನ ಅಸಲು ಕಥೆ ಇದಾದ ಮೇಲೆ ಶುರುವಾಗೋದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದಿಷ್ಟು ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡ್ಕೊಂಡು ತಮ್ಮ ಪಾಡಿಗೆ ಕಲಿಯೋದನ್ನ ನೋಡಿ ಬಂದ್ರು. ಯುನಿಸೆಫ್ ಬೆಂಬಲ ಇತ್ತು. ಅದರಿಂದ ಹುಟ್ಟಿದ್ದು ನಲಿ-ಕಲಿ. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು, ಆಮೇಲೆ ಮೂರಕ್ಕೂ. ಒಂದೇ ಕೋಣೆಯಲ್ಲಿ ಮೂರು ತರಗತಿ ಮಕ್ಕಳು, ಐದು ತಟ್ಟೆಗಳಲ್ಲಿ ಗುಂಪು. ಗೋಡೆ ಮೇಲೆ ಕಲಿಕಾ ಏಣಿ. ಪ್ರತಿ ಕಾರ್ಡಿಗೂ ಒಂದು ಚಿತ್ರದ ಗುರುತು. ಮಗು ಏಣಿ ನೋಡಿ ತನ್ನ ಕಾರ್ಡು ತಾನೇ ತಗೋಬೇಕು. ಒಂದು ಮೈಲಿಗಲ್ಲು ದಾಟಿದ ಮೇಲೆ ಮುಂದಿನದು. ಮಧ್ಯೆ ಮಧ್ಯೆ ಮೌಲ್ಯಮಾಪನದ ಕಾರ್ಡೂ ಬರತ್ತೆ, ಆದರೆ ಮಗುವಿಗೆ ಅದು ಇನ್ನೊಂದು ಕಾರ್ಡು ಅಷ್ಟೇ. ಹದಿನೈದು ದಿನ ರಜಾ ಹಾಕಿ ಬಂದ ಮಗು ಬಿಟ್ಟಲ್ಲಿಂದಲೇ ಮುಂದುವರೀಬಹುದು. ಫೇಲ್ ಅನ್ನೋ ಪದಕ್ಕೆ ಅಲ್ಲಿ ಕೂರೋಕೆ ಜಾಗವೇ ಇಲ್ಲ.

"ನಾನು ಮಾಡಿದ ಪಾಠದಲ್ಲಿ ಚೆಂದದ ಪಾಠ ಅದು" ಅಂತಾಳೆ ಅಮ್ಮ. "ಆದ್ರೆ ಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದಿಷ್ಟೂ ಅರ್ಥ ಆಗ್ಲಿಲ್ಲ."

ಅಪ್ಪಂದಿರು ಕಾರ್ಖಾನೆ ಶಿಫ್ಟ್ ಮುಗಿಸಿ ಬಂದು ಶಾಲೆ ಬಾಗಿಲಲ್ಲಿ ನಿಂತು ಕೇಳೋರಂತೆ, "ಮಿಸ್ಸೇ, ಇವ್ನಿಗೆ ಪರೀಕ್ಷೆನೇ ಇಲ್ವಂತೆ? ಇಡೀ ದಿನ ಹಾಡು ಹೇಳ್ಕಂಡು ಚಪ್ಪರಕ್ಕೆ ಚಿತ್ರ ನೇತು ಹಾಕ್ತಾನಂತೆ?" ಪಕ್ಕದ ಬೀದಿಯ ಕಾನ್ವೆಂಟಿನಲ್ಲಿ ಯುಕೆಜಿ ಮಗುವಿಗೂ ಟೈಂಟೇಬಲ್ ಹಾಕಿದ ಪರೀಕ್ಷೆ, ರ‍್ಯಾಂಕು. ಅದು ಅವರಿಗೆ ಓದಲು ಬರ್ತಿತ್ತು. 100ಕ್ಕೆ 92 ಅಂದ್ರೆ ಏನು ಅಂತ ಕುಲುಮೆ ಮುಂದೆ ನಿಲ್ಲೋನಿಗೂ ಗೊತ್ತು. "ಮಗು 43ನೇ ಮೈಲಿಗಲ್ಲಿನಲ್ಲಿದೆ" ಅಂದ್ರೆ? ವರ್ಷ ವರ್ಷ ನಾಲ್ಕೈದು ಮಕ್ಕಳ ಟಿ.ಸಿ. ಹೋಗ್ತಿತ್ತು. ಅಮ್ಮನ ಶಾಲೆಗಳಲ್ಲಿ ಒಂದು ಕೊನೆಗೆ ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳಿಗೆ ಬಂದು ನಿಂತಿತು. ಕಾರಣ ಅದೊಂದೇ ಅಲ್ಲ. ಇಂಗ್ಲಿಷ್ ಮೀಡಿಯಂ ಆಸೆ ಇತ್ತು, ಕಾಗದದ ಕಾರ್ಖಾನೆ ನಿಂತು ಪೇಪರ್ ಟೌನ್ ಖಾಲಿಯಾಗಿದ್ದೂ ಇತ್ತು. ಆದರೆ ಅರ್ಥ ಮಾಡಿಸದೆ ಹೋಗಿದ್ದು ನಮ್ಮ ತಪ್ಪು ಅಂತ ಅಮ್ಮ ಇವತ್ತಿಗೂ ಹೇಳ್ತಾಳೆ.

ಅರ್ಥ ಮಾಡಿಸೋಕೆ ಇಲಾಖೆ ಒಂದು ದಾರಿ ಮಾಡಿತ್ತು, ಹೆಸರು "ಸಮುದಾಯದತ್ತ ಶಾಲೆ". ಅಪ್ಪ ಅಮ್ಮಂದಿರನ್ನ ಶಾಲೆಗೆ ಕರೆದು ಮಗುವಿನ ಕಲಿಕೆಯನ್ನ ಅವರ ಮುಂದಿಡೋ ದಿನ. ಬಹಳ ಕಡೆ ಅದು ಭಾಷಣ, ಸಹಿ, ಟೀ ಬಿಸ್ಕತ್ತಿಗೆ ಮುಗೀತಿತ್ತು. ಅಮ್ಮ ಗ್ರೇಡ್ ಹಾಳೆ ಹಂಚೋದನ್ನ ಬಿಟ್ಟು ಬೇರೆ ಮಾಡಿದಳು. ಮಗುವಿನ ಅಪ್ಪನೋ ಅಮ್ಮನೋ ತಂದ ಯಾವುದಾದರೂ ಕಾಗದ, ರೇಷನ್ ಚೀಟಿ, ಕರೆಂಟ್ ಬಿಲ್ಲು, ಮದುವೆ ಕರೆಯೋಲೆ, ಅದನ್ನ ಮಗುವಿನ ಕೈಲಿ ಓದಿಸೋದು. ಎರಡು ಸಂಖ್ಯೆ ಅವರೇ ಹೇಳಬೇಕು, ಮಗು ಕಳೀಬೇಕು. ಓದಿದ್ರೆ ಓದ್ತು, ಇಲ್ಲಾಂದ್ರೆ ಎಲ್ಲಿ ನಿಂತಿತು ಅಂತ ಅಪ್ಪನಿಗೇ ಕಾಣತ್ತೆ. "ಒತ್ತಕ್ಷರ ಬಂದ್ರೆ ನಿಲ್ತಾನೆ ಮಿಸ್ಸೇ" ಅಂತ ಓದು ಬರದ ಅಮ್ಮಂದಿರೇ ಪತ್ತೆ ಹಚ್ಚೋರಂತೆ. ಅಮ್ಮನಿಗೆ ಮಹಾನವಮಿ ಚೌಪದ ನೆನಪಿತ್ತೋ ಇಲ್ವೋ ಗೊತ್ತಿಲ್ಲ, ಕೇಳಿದ್ರೆ "ಎಂತ ಚೌಪದನೋ, ಮಕ್ಕಳು ಶಾಲೆ ಬಿಡಬಾರದು ಅಂತ ಮಾಡಿದ್ದು" ಅಂದಳು.

ಅತ್ತ ಕಾನೂನು ತನ್ನ ದಾರೀಲಿ ಹೋಗ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿವರೆಗೆ ಯಾರನ್ನೂ ಫೇಲ್ ಮಾಡಬಾರದು, ಯಾವ ಬೋರ್ಡ್ ಪರೀಕ್ಷೆಯನ್ನೂ ಪಾಸು ಮಾಡಲೇಬೇಕು ಅನ್ನಬಾರದು, ನಿರಂತರ ಮೌಲ್ಯಮಾಪನ ಮಾಡಬೇಕು ಅಂತ ಹೇಳ್ತು. ಕರ್ನಾಟಕದಲ್ಲಿ ಅದು ನಾಲ್ಕು ಎಫ್‌ಎ, ಎರಡು ಎಸ್‌ಎ ಆಯ್ತು. ಎಫ್‌ಎ ಅಂದ್ರೆ ನಡುನಡುವೆ ಮಗು ಎಲ್ಲಿದೆ ಅಂತ ಮೇಷ್ಟ್ರು ತಿಳ್ಕೊಳ್ಳೋಕೆ, ಎಸ್‌ಎ ಅಂದ್ರೆ ಅರ್ಧ ವರ್ಷಕ್ಕೊಮ್ಮೆ ಒಟ್ಟು ನೋಡೋಕೆ. ಒಂದೊಂದು ಎಫ್‌ಎಗೆ ಶೇ 15ರಂತೆ 60, ಒಂದೊಂದು ಎಸ್‌ಎಗೆ ಶೇ 20ರಂತೆ 40. ಅಂದ್ರೆ ಕೊನೇ ಪರೀಕ್ಷೆಯ ತೂಕ ಐದರಲ್ಲೊಂದು ಭಾಗ ಮಾತ್ರ. ಗ್ರೇಡಿನಲ್ಲಿ 70ರಿಂದ 89ರವರೆಗೂ "ಎ". ನಮ್ಮ ಭಾವ "ಎ ಪ್ಲಸ್ ಯಾಕೆ ಬಂದಿಲ್ಲ" ಅಂತ ಮಗನಿಗೆ ಎರಡು ದಿನ ಮಾತು ಬಿಟ್ಟಿದ್ದು 88ಕ್ಕೆ. ಗ್ರೇಡು ಮಾಡಿದ್ದೇ ಆ ಎರಡು ಅಂಕದ ಜಗಳ ತಪ್ಪಿಸೋಕೆ!

ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂತು. ಐದು ಮತ್ತು ಎಂಟನೇ ತರಗತಿಗೆ ವರ್ಷದ ಕೊನೇಲಿ ಪರೀಕ್ಷೆ ಇರಲಿ, ಆಗದಿದ್ದವರಿಗೆ ಎರಡು ತಿಂಗಳಲ್ಲಿ ಮರುಪರೀಕ್ಷೆ, ಆಮೇಲೂ ಆಗದಿದ್ರೆ ಅದೇ ತರಗತೀಲಿ ಉಳಿಸೋದು ಬಿಡೋದು ಸರ್ಕಾರಗಳ ತೀರ್ಮಾನ ಅಂತ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3, 5, 8ನೇ ತರಗತಿಗಳಲ್ಲಿ ಪರೀಕ್ಷೆ ಅಂತು. ಅಲ್ಲಿಂದ ನಮ್ಮ ರಾಜ್ಯದ ಕಥೆ. 2022ರ ಡಿಸೆಂಬರ್ 12ರ ಸುತ್ತೋಲೆ, 2023ರ ಮಾರ್ಚ್ 10ಕ್ಕೆ ಹೈಕೋರ್ಟಿನಲ್ಲಿ ರದ್ದು, 15ಕ್ಕೆ ವಿಭಾಗೀಯ ಪೀಠದಿಂದ ಅನುಮತಿ, 27ರಿಂದ ಪರೀಕ್ಷೆ. ಮರುವರ್ಷ ಮತ್ತೆ ಅದೇ ನಾಟಕ, ಪಾತ್ರಗಳು ಮಾತ್ರ ಬೇರೆ. ಸರ್ಕಾರ ಬದಲಾಗಿತ್ತು, ಶಿಕ್ಷಣ ಸಚಿವರು ನಮ್ಮ ಜಿಲ್ಲೆಯ ಸೊರಬದ ಮಧು ಬಂಗಾರಪ್ಪ. ಬಿಜೆಪಿ ಸರ್ಕಾರ ಶುರು ಮಾಡಿದ ಪರೀಕ್ಷೆಯನ್ನ ಕಾಂಗ್ರೆಸ್ ಸರ್ಕಾರ ಮುಂದುವರಿಸಿತು. ಹತ್ತು ವರ್ಷದ ಮಗುವನ್ನ ಪರೀಕ್ಷೆಗೆ ಕೂರಿಸೋ ವಿಷಯದಲ್ಲಿ ನಮ್ಮ ಪಕ್ಷಗಳಿಗೆ ಭಿನ್ನಾಭಿಪ್ರಾಯ ಇಲ್ಲ.

ಇಲ್ಲಿ ಒಂದು ವಿಷಯ ಅಕ್ಕನಿಗೂ ಹೇಳಿದೆ, ನಿಮಗೂ ಹೇಳಬೇಕು. ಏಕಸದಸ್ಯ ಪೀಠಗಳು ಎರಡೂ ಸಲ ರದ್ದು ಮಾಡಿದ್ದು ಪರೀಕ್ಷೆ ಮಕ್ಕಳಿಗೆ ಕೆಟ್ಟದ್ದು ಅಂತಲ್ಲ. ಕಾನೂನಿನ ಪ್ರಕಾರ ನಿಯಮ ರೂಪಿಸಿ ಮಾಡಬೇಕಾದ್ದನ್ನ ಸುತ್ತೋಲೆ, ಅಧಿಸೂಚನೆಗಳಲ್ಲಿ ಮಾಡಿದ್ದೀರಿ ಅಂತ. ಜಗಳ ಇದ್ದದ್ದು ಸರ್ಕಾರದ ಕೆಲಸದ ರೀತಿ ಮೇಲೆ. ಮಕ್ಕಳ ಉತ್ತರ ಪತ್ರಿಕೆ ಮಧ್ಯೆ ಸಿಕ್ಕಿಹಾಕಿಕೊಳ್ತು. ಯಾರನ್ನೂ ಫೇಲ್ ಮಾಡಲ್ಲ ಅಂತ ಇಲಾಖೆ ಮೊದಲೇ ಹೇಳಿತ್ತು. ಹಾಗಾದ್ರೆ ಈ ಪರೀಕ್ಷೆಯಿಂದ ನಮಗೆ ಸಿಗಬೇಕಾಗಿದ್ದು ಒಂದೇ ಒಂದು, ಮಗುವಿಗೆ ಎಲ್ಲಿ ತೊಡಕಿದೆ ಅನ್ನೋ ಮಾಹಿತಿ. ಕೊನೆಗೆ ಆ ಮಾಹಿತಿಯನ್ನೇ ಪೋಷಕರಿಗೆ ತಿಳಿಸೋ ಹಾಗಿಲ್ಲ ಅಂತಾಯ್ತು. ನೂರೈವತ್ತು ವರ್ಷದಲ್ಲಿ ಸಣ್ಣ ಮಕ್ಕಳ ಪರೀಕ್ಷೆ ಬಾಗಿಲ ಚೌಪದದಿಂದ ಎಲ್ಲಿಗೆ ಬಂದು ನಿಂತಿದೆ ಅಂತ ಯುಗಾದಿ ದಿನ ಹೋಳಿಗೆ ತಿನ್ನುತ್ತಾ ನನಗೆ ನಗು ಬಂತು. ಅಳಿಯನ ಮುಖ ನೋಡಿ ನಿಂತಿತು.

ಅವನಿಗೆ ಅಮ್ಮ ಹೇಳಿದ್ದು ಇಷ್ಟೇ. "ಕೋರ್ಟಿಗೆ ಹೋಗಿದ್ದು ದೊಡ್ಡೋರ ಪರೀಕ್ಷೆ ಪುಟ್ಟಾ. ಅವರದ್ದು ರಿಸಲ್ಟ್ ಬಂದಿಲ್ಲ. ನಿಂದು ಆರನೇ ಕ್ಲಾಸು."

ಇದಾಗಿ ಎಂಟು ತಿಂಗಳಿಗೆ ಇನ್ನೊಂದು ಫೋನು. ಈ ಸಲ ಚಿಕ್ಕವಳದ್ದು, ಮೂರನೇ ಕ್ಲಾಸು. 2024ರ ಡಿಸೆಂಬರ್ 4ಕ್ಕೆ ಅವಳ ಶಾಲೇಲಿ "ದೆಹಲಿ ಪರೀಕ್ಷೆ" ಇದೆಯಂತೆ, ಏನು ಓದಿಸಲಿ? ಅದು ಪರಖ್ ರಾಷ್ಟ್ರೀಯ ಸರ್ವೇಕ್ಷಣ, ಹಿಂದೆ ರಾಷ್ಟ್ರೀಯ ಸಾಧನಾ ಸಮೀಕ್ಷೆ ಅಂತ 2017ರಲ್ಲಿ, 2021ರಲ್ಲಿ ನಡೆದದ್ದರ ಮುಂದುವರಿಕೆ. ಈ ಸಲ 3, 6, 9ನೇ ತರಗತಿ. ದೇಶದ ಸುಮಾರು 74 ಸಾವಿರ ಶಾಲೆ, 21 ಲಕ್ಷ ಮಕ್ಕಳು. ಅಕ್ಕನಿಗೆ ಮೊದಲು ಹೇಳಿದ್ದು, ಏನೂ ಓದಿಸಬೇಡ. ಇದು ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡೋದು. ನಿನ್ನ ಮಗಳು ಆ ಅಗುಳು. ಅಗುಳಿಗೆ ಯಾರೂ ಮಾರ್ಕ್ಸ್ ಕೊಡಲ್ಲ, ಮಾರ್ಕ್ಸ್ ಕಾರ್ಡು ಬರಲ್ಲ, ಅವಳ ಹೆಸರು ಎಲ್ಲೂ ಬರಲ್ಲ. ಜಿಲ್ಲೆ, ರಾಜ್ಯ, ದೇಶದ ಲೆಕ್ಕ ಮಾತ್ರ ಬರತ್ತೆ.

"ಮತ್ತೆ ಸ್ಕೂಲಲ್ಲಿ ಒಂದು ತಿಂಗಳಿಂದ ಮಾದರಿ ಪ್ರಶ್ನೆಪತ್ರಿಕೆ ಬಿಡಿಸ್ತಿದಾರಲ್ಲ?"

ಅದೇ ರಾಬರ್ಟ್ ಲೋ. ಅಗುಳಿಗೆ ಬೇರೆ ಒಲೆ ಹಚ್ಚಿ ಬೇಯಿಸಿ ಇಟ್ರೆ ಪಾತ್ರೆ ಅನ್ನದ ಸುದ್ದಿ ಹೇಗೆ ಗೊತ್ತಾಗಬೇಕು? ಜಿಲ್ಲೆ ಜಿಲ್ಲೆಗೂ ಸ್ಥಾನ ಹೋಲಿಸಿ ನೋಡೋಕೆ ಶುರು ಮಾಡಿದ ಕೂಡಲೇ ಸಮೀಕ್ಷೆ ಪರೀಕ್ಷೆ ಆಗಿಬಿಡತ್ತೆ, ತಯಾರಿ ಶುರುವಾಗತ್ತೆ. ಇದು ನಮ್ಮ ಒಬ್ಬರದ್ದೇ ಕಾಯಿಲೆ ಅಲ್ಲ. ಇಂಗ್ಲೆಂಡಿನಲ್ಲಿ ಏಳು ವರ್ಷದ ಮಕ್ಕಳಿಗೆ ದೇಶವ್ಯಾಪಿ ಪರೀಕ್ಷೆ 1991ರಲ್ಲಿ ಬಂತು, ಮೂವತ್ತು ವರ್ಷ ಜಗಳವಾಡಿ 2023-24ರಿಂದ ಅದನ್ನ ಐಚ್ಛಿಕ ಮಾಡಿದ್ರು.

ಸಮೀಕ್ಷೆ ಬೇಡ ಅನ್ನೋದು ನನ್ನ ವಾದ ಅಲ್ಲ. 2025ರ ಜುಲೈಯಲ್ಲಿ ಬಂದ ಅದರ ವರದಿಯಲ್ಲಿ, ದೇಶದ ಮೂರನೇ ತರಗತಿ ಮಕ್ಕಳಲ್ಲಿ ಶೇ 55ರಷ್ಟು ಮಾತ್ರ 99ರವರೆಗಿನ ಸಂಖ್ಯೆಗಳನ್ನ ಏರಿಕೆ, ಇಳಿಕೆ ಕ್ರಮದಲ್ಲಿ ಜೋಡಿಸಬಲ್ಲರು ಅಂತಿದೆ. ಎರಡಂಕಿಯ ಕೂಡೋದು ಕಳೆಯೋದು ಬರೋದು ಶೇ 58ಕ್ಕೆ. ಯಾವ ಶಾಲೆಯ ವಾರ್ಷಿಕೋತ್ಸವದ ಭಾಷಣದಲ್ಲೂ ಇದು ಕೇಳಲ್ಲ. ಯಾರೋ ಎಣಿಸಬೇಕು. 2022ರ ಮಾರ್ಚಿನಲ್ಲಿ ನಡೆದ ಬುನಾದಿ ಕಲಿಕಾ ಅಧ್ಯಯನ ನನಗೆ ಇನ್ನೂ ಮೆಚ್ಚುಗೆ. ಮೂರನೇ ತರಗತಿಯ ಒಂದೊಂದೇ ಮಗುವಿನ ಎದುರು ಒಬ್ಬರು ಕೂತು ಓದಿಸಿ ಕೇಳೋದು, ಕನ್ನಡವೂ ಸೇರಿ 20 ಭಾಷೆಗಳಲ್ಲಿ. ನಿಮಿಷಕ್ಕೆ ಎಷ್ಟು ಪದ ಸರಿಯಾಗಿ ಓದಿತು ಅನ್ನೋ ಅಳತೆಯನ್ನ ಒಂದೊಂದು ಭಾಷೆಗೆ ಬೇರೆ ಬೇರೆ ಇಟ್ಟರು. "ಹೋಗಬೇಕಾಗಿತ್ತಂತೆ" ಅಂತ ಒಂದೇ ಉಸಿರಿಗೆ ಓದೋ ಕನ್ನಡದ ಮಗುವನ್ನ ಚಿಕ್ಕ ಚಿಕ್ಕ ಪದದ ಭಾಷೆಯ ಮಗುವಿನ ಜೊತೆ ತೂಗಿದ್ರೆ ಅನ್ಯಾಯ ಅಲ್ವಾ.

ಅದೇ ಡಿಸೆಂಬರ್ 16ಕ್ಕೆ ಕೇಂದ್ರ ಸರ್ಕಾರ ನಿಯಮ ತಿದ್ದಿತು. ತನ್ನ ಶಾಲೆಗಳಲ್ಲಿ 5 ಮತ್ತು 8ರಲ್ಲಿ ಮರುಪರೀಕ್ಷೆಯಲ್ಲೂ ಆಗದಿದ್ದವರನ್ನ ಅದೇ ತರಗತೀಲಿ ಉಳಿಸಬಹುದು ಅಂತ. ಸುದ್ದಿ ಬಂದ ರಾತ್ರಿ ಅಕ್ಕನ ಫೋನು ಬರತ್ತೆ ಅಂತ ಕಾದೆ, ಬರಲಿಲ್ಲ. ಸಿಬಿಎಸ್‌ಇ ಶಾಲೆಯ ಮಾತು ಅಷ್ಟೊತ್ತಿಗೆ ಮನೇಲಿ ನಿಂತಿತ್ತು. ಭಾವನಿಗೆ ಹೊಳೆದದ್ದು ತಡವಾಗಿ, ಈ ನಿಯಮ ಮೊದಲು ತಟ್ಟೋದು ಕೇಂದ್ರೀಯ ವಿದ್ಯಾಲಯದಂಥ ಕಡೆಯೇ.

ಕಳೆದ ದಸರಾಕ್ಕೆ ಭದ್ರಾವತಿಗೆ ಹೋಗಿದ್ದೆ. ಅಮ್ಮ ಜಗಲಿ ಮೇಲೆ ಕೂತು ಚಿಕ್ಕವಳ ಕೈಗೆ ಮೆಸ್ಕಾಂ ಬಿಲ್ಲು ಕೊಟ್ಟಿದ್ದಳು. ಅವಳು ಶಾಲೇಲಿ ಇಂಗ್ಲಿಷ್ ಮೀಡಿಯಂ. "ಹಿಂದಿನ ಮಾಪನ, ಇಂದಿನ ಮಾಪನ" ಅಂತ ಬೆರಳಿಟ್ಟು ಓದಿದಳು. ಒಂದರಲ್ಲಿ ಇನ್ನೊಂದು ಕಳೆಯೋಕೆ ಹೇಳಿದ್ರೆ ದಶಕ ತಗೊಳ್ಳೋವಾಗ ತಪ್ಪಿತು. ಅಕ್ಕ ಬಾಯಿ ತೆರೆದಳು, ಅಮ್ಮ ಕೈ ತೋರಿಸಿ ಸುಮ್ಮನಿರಿಸಿದಳು. ಹುಡುಗಿ ಅಳಿಸಿ ಇನ್ನೊಂದು ಸಲ ಮಾಡಿದಳು. ಈಗ ಏಳನೇ ಕ್ಲಾಸಿನ ಅಣ್ಣ ಒಳಗಿನಿಂದಲೇ ಕೂಗಿದ, "ಎಷ್ಟ್ ಬಂತೇ?"

"ಎಂಬತ್ತೇಳು ಯೂನಿಟ್" ಅಂದಳು.

"ಹೆಚ್ಚಾಯ್ತು" ಅಂದ್ರು ಅಪ್ಪ, "ಗೀಸರ್ ಬೇಡ ಅಂದ್ರೆ ಯಾರು ಕೇಳ್ತೀರಾ."